ಮಡಗಾಸ್ಕರಿನ ರೈತ ಕಾಡಿಗೆ ಬೆಂಕಿ ಇಡುವುದು ಯಾಕೆ?

ಪ್ರಶ್ನೆ: ನಾನು ಕೊಪ್ಪ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಮಕ್ಕಳಿಗೆ ಮಡಗಾಸ್ಕರಿನ ಕಾಡುನಾಶದ ವಿಡಿಯೊ ತೋರಿಸಿದೆ. ಬೆಟ್ಟಕ್ಕೆ ಬಿದ್ದ ಬೆಂಕಿ, ಕೆಂಪಗೆ ಹರಿಯುವ ಹೊಳೆ, ನೆಲೆ ಇಲ್ಲದ, ಕೋತಿಯಂಥ ಲೆಮೂರ್‌ಗಳು. ಒಬ್ಬಳು ಹುಡುಗಿ ಕೇಳಿದಳು: "ಸರ್, ಕಾಡು ಹೋದರೆ ತಮಗೇ ಕಷ್ಟ ಅಂತ ಅವರಿಗೆ ಗೊತ್ತಾಗಲ್ವಾ?" ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇದು ಅಜ್ಞಾನವಾ, ಬಡತನವಾ? ಮೊದಲು ದೇಶ ಮುಂದೆ ಬರಲಿ, ಆಮೇಲೆ ಕಾಡು ನೋಡಿಕೊಳ್ಳಲಿ ಅನ್ನುವವರ ಮಾತು ಸರಿಯಾ? ಮಕ್ಕಳಿಗೆ ಇದನ್ನು ಹೇಗೆ ಹೇಳಲಿ?

ಉತ್ತರ: ಮೇಷ್ಟ್ರೇ, ಆ ಹುಡುಗಿಗೆ ಮೊದಲು ಇಷ್ಟು ಹೇಳಿ. ಅವರಿಗೆ ಗೊತ್ತು. ನಮಗಿಂತ ಚೆನ್ನಾಗಿಯೇ ಗೊತ್ತು. ಸುಟ್ಟ ಬೆಟ್ಟದ ಮಣ್ಣು ಎಷ್ಟು ಬೆಳೆ ಭತ್ತ ಕೊಡುತ್ತದೆ, ಪಾಳು ಬಿಟ್ಟ ಜಾಗದಲ್ಲಿ ಯಾವ ಪೊದೆ ಎದ್ದರೆ ನೆಲ ಚೇತರಿಸಿಕೊಳ್ಳುತ್ತಿದೆ, ಯಾವ ಹುಲ್ಲು ಬಂದರೆ ಇನ್ನು ಬಿತ್ತಿ ಪ್ರಯೋಜನವಿಲ್ಲ, ಇದೆಲ್ಲ ಅಲ್ಲಿನ ರೈತರಿಗೆ ಬಾಯಿಪಾಠ. ಗೊತ್ತಿದ್ದೂ ಯಾಕೆ ಸುಡುತ್ತಾರೆ ಅನ್ನುವುದು ನಾವು ಕೇಳಬೇಕಾದ ಪ್ರಶ್ನೆ. ನಾನು ಮಣ್ಣು ಮತ್ತು ಭೂಬಳಕೆಯ ವಿಷಯ ಓದಿ ಅದರಲ್ಲೇ ಕೆಲಸ ಮಾಡುತ್ತ ಬಂದವನು. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷ ಬಿಟ್ಟು ಬರುವ ಫಲ ತನ್ನ ಕೈಗೇ ಸೇರುತ್ತದೆ ಅನ್ನುವ ಧೈರ್ಯ ಇರುವ ಕಡೆ ಅಲ್ಲಿನ ರೈತ ಮರ ನೆಟ್ಟಿದ್ದಾನೆ. ಆ ಧೈರ್ಯ ಇಲ್ಲದ ಕಡೆ ಬೆಂಕಿ ಇಟ್ಟಿದ್ದಾನೆ. ಎರಡೂ ಕಡೆ ಇರುವವರು ಒಂದೇ ಜನ.

ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಆ ದ್ವೀಪದೇಶ ನಮಗೆ ಪೂರ್ತಿ ಅಪರಿಚಿತವೇನಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದಿನವರೆಗೆ ಅದೂ ನಾವೂ ಒಂದೇ ಭೂಭಾಗ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ನಿಲ್ಲಿಸಿದ ಹಾಗೆ ಕಲ್ಲುಗಳಿವೆಯಲ್ಲ, ಅವು ನಾವು ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ. ನಿಮ್ಮ ಶಾಲೆಯ ಅಂಗಳದಲ್ಲಿ ಗುಲ್‌ಮೊಹರ್ ಮರ ಇದ್ದರೆ ಅದರ ತವರು ಮಡಗಾಸ್ಕರ್. ಮನೆ ಮುಂದಿನ ನಿತ್ಯಪುಷ್ಪದ ತವರೂ ಅದೇ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಔಷಧಿ ಸಿಕ್ಕಿದ್ದು ಆ ಗಿಡದಿಂದ. ದ್ವೀಪ ಕರ್ನಾಟಕದ ಮೂರು ಪಟ್ಟು ದೊಡ್ಡದು. ಜನ ಸುಮಾರು 3 ಕೋಟಿ, ನಮ್ಮ ರಾಜ್ಯದ ಅರ್ಧಕ್ಕಿಂತ ಕಡಿಮೆ. 1960ರಲ್ಲಿ ಫ್ರೆಂಚರಿಂದ ಸ್ವಾತಂತ್ರ್ಯ ಬಂದಾಗ 50 ಲಕ್ಷದಷ್ಟಿದ್ದರು. ಆಮೇಲೆ ದೊಡ್ಡ ಯುದ್ಧ ಯಾವುದೂ ಆಗಿಲ್ಲ. ಆದರೂ ಬೆಲೆ ಏರಿಕೆ ಕಳೆದು ನೋಡಿದರೆ ತಲಾ ಆದಾಯ ಅಂದಿಗಿಂತ ಇಂದು ಕಡಿಮೆ. ನಾಲ್ವರಲ್ಲಿ ಮೂವರು ಬಡತನದ ರೇಖೆಯ ಕೆಳಗಿದ್ದಾರೆ. ಇಂಥ ದೇಶ ಜಗತ್ತಿನಲ್ಲಿ ಬಹಳ ಇಲ್ಲ.

ಈಗ ಆ ಬೆಂಕಿಯ ವಿಷಯ. ಅದಕ್ಕೆ ಅಲ್ಲಿನವರು 'ತಾವಿ' ಅನ್ನುತ್ತಾರೆ. ನಮ್ಮ ಘಟ್ಟದ ಕುಮರಿ ಬೇಸಾಯ ಗೊತ್ತಿದ್ದವರಿಗೆ ಇದು ಹೊಸದಲ್ಲ. ದ್ವೀಪದ ಪೂರ್ವಕ್ಕೆ ಸಮುದ್ರದ ಕಡೆ ಮುಖ ಮಾಡಿದ ಕಡಿದಾದ ಬೆಟ್ಟಗಳ ಸಾಲಿದೆ. ಮಳೆ ಅಲ್ಲೇ ಜಾಸ್ತಿ, ಮಳೆಕಾಡೂ ಅಲ್ಲೇ. ಮಳೆಗೆ ಮುಂಚೆ ಒಂದು ತುಂಡು ಕಾಡು ಕಡಿದು, ಒಣಗಲು ಬಿಟ್ಟು, ಬೆಂಕಿ ಕೊಡುತ್ತಾರೆ. ಮೊದಲ ಮಳೆ ಬೀಳುವಾಗ ಚೂಪು ಕೋಲಿನಿಂದ ತೂತು ಮಾಡುತ್ತ, ಒಂದೊಂದಕ್ಕೂ ಒಂದು ಚಿಟಿಕೆ ಭತ್ತ ಹಾಕಿ ಕಾಲಿನಿಂದ ಮುಚ್ಚುತ್ತ ಹೋಗುತ್ತಾರೆ. ನೇಗಿಲಿಲ್ಲ, ಎತ್ತಿಲ್ಲ, ಗೊಬ್ಬರವಿಲ್ಲ. ಬೂದಿಯೇ ಗೊಬ್ಬರ.

ಬೂದಿ ಯಾಕೆ ಅಷ್ಟು ಮುಖ್ಯ ಅಂದರೆ, ಆ ಮಣ್ಣಿನಲ್ಲಿ ಬೇರೇನೂ ಇಲ್ಲ. ಸಾವಿರಾರು ವರ್ಷ ಮಳೆ ತೊಳೆದು ತೊಳೆದು ಅದರ ಸತ್ವವೆಲ್ಲ ಇಳಿದುಹೋಗಿದೆ. ಹುಳಿ ಮಣ್ಣು. ಅಲ್ಲಿನ ಸಂಪತ್ತು ಇರುವುದು ಮರಗಳಲ್ಲಿ. ಮರ ಸುಟ್ಟರೆ ಆ ಸತ್ವ ಒಂದೇ ಸಲ ನೆಲಕ್ಕೆ ಬರುತ್ತದೆ, ಮಣ್ಣಿನ ಹುಳಿ ಸ್ವಲ್ಪ ಕಡಿಮೆಯಾಗುತ್ತದೆ, ಕಳೆಯ ಬೀಜವೂ ಸುಟ್ಟುಹೋಗುತ್ತದೆ. ಮೊದಲ ವರ್ಷ ಎಕರೆಗೆ ನಾಲ್ಕು ಕ್ವಿಂಟಾಲ್ ಆಸುಪಾಸು ಭತ್ತ ಬಂದರೆ ಸಂತೋಷ. ಮುಂದಿನ ವರ್ಷ ಮರಗೆಣಸು ಹಾಕುತ್ತಾರೆ. ಆಮೇಲೆ ಪಾಳು ಬಿಟ್ಟು ಬೇರೆ ಕಡೆ ಹೋಗುತ್ತಾರೆ.

ಹತ್ತು ಹದಿನೈದು ವರ್ಷ ಪಾಳು ಬಿಟ್ಟರೆ ಪೊದೆ ಮರವಾಗುತ್ತದೆ, ಮಣ್ಣು ಮತ್ತೆ ತುಂಬಿಕೊಳ್ಳುತ್ತದೆ. ಹಾಗೆ ಮಾಡುತ್ತಿದ್ದ ಕಾಲದಲ್ಲಿ ಈ ಪದ್ಧತಿಗೆ ಹೆಸರಿಡುವಂಥದ್ದೇನೂ ಇರಲಿಲ್ಲ. ಈಗ ಜನ ಜಾಸ್ತಿ, ಜಾಗ ಕಡಿಮೆ. ಮೂರು ಐದು ವರ್ಷಕ್ಕೇ ಅದೇ ತುಂಡಿಗೆ ವಾಪಸ್ ಬರಬೇಕು. ಮೂರು ವರ್ಷದ ಪೊದೆ ಸುಟ್ಟರೆ ಎಷ್ಟು ಬೂದಿ ಬಂದೀತು? ಒಂದೊಂದು ಸುತ್ತಿಗೂ ಪೊದೆ ಸಣ್ಣದಾಗುತ್ತ, ಕೊನೆಗೆ ಜರೀಗಿಡವೂ ಒರಟು ಹುಲ್ಲೂ ನಿಲ್ಲುತ್ತವೆ. ಆಗ ಇನ್ನೂ ಮೇಲಿನ ಕಾಡಿಗೆ ಹತ್ತುವುದೊಂದೇ ದಾರಿ.

ಇನ್ನೊಂದು ಕಾರಣ ವಿಡಿಯೊಗಳಲ್ಲಿ ಕಾಣುವುದಿಲ್ಲ. ಕಾಡು ಕಡಿದು ಸಾಗುವಳಿ ಮಾಡಿದವನಿಗೆ ಆ ನೆಲ ಅನ್ನುವುದು ಅಲ್ಲಿನ ಹಳೆಯ ಕಟ್ಟುಪಾಡು. ಕೆಳಗಿನ ಕಣಿವೆಯ ನೀರಾವರಿ ಗದ್ದೆಗಳು ಮೊದಲೇ ಬಂದು ನೆಲೆಸಿದ ಮನೆತನಗಳ ಕೈಯಲ್ಲಿವೆ. ಹೊಸದಾಗಿ ಸಂಸಾರ ಹೂಡಿದ ಗಂಡ ಹೆಂಡತಿಗೆ ಗದ್ದೆ ಸಿಗುವುದಿಲ್ಲ. ಬೆಟ್ಟ ಕಡಿದರೆ ಒಂದು ವರ್ಷದ ಅನ್ನವೂ ಸಿಕ್ಕಿತು, ಮಕ್ಕಳಿಗೆ ಬಿಟ್ಟುಹೋಗಲು ನೆಲವೂ ಆಯಿತು. ಸರ್ಕಾರದ ಲೆಕ್ಕದಲ್ಲಿ ಅದೇ ಕಾಡು ಸರ್ಕಾರದ್ದು. ಹಾಗಾಗಿ ಅವರು ಬಿಟ್ಟ ಕಾಡನ್ನು ನಾಳೆ ಇನ್ನೊಬ್ಬ ಕಡಿಯಬಹುದು, ಇಲ್ಲವೇ ಯಾವುದೋ ಕಂಪನಿಗೆ ಸಿಗಬಹುದು. ನೀವೇ ಹೇಳಿ, ಆ ದಂಪತಿ ಏನು ಮಾಡಬೇಕಿತ್ತು?

ತಡೆಯಲು ಕಾನೂನೇ ಇರಲಿಲ್ಲ ಅನ್ನುವ ಹಾಗಿಲ್ಲ. 1881ರಲ್ಲೇ ಅಲ್ಲಿನ ಮೆರೀನಾ ರಾಜ್ಯದ 305 ಕಲಮುಗಳ ಕಾನೂನು ಕಾಡು ಸುಡುವುದನ್ನು ನಿಷೇಧಿಸಿತ್ತು. 1896ರಲ್ಲಿ ದ್ವೀಪವನ್ನು ತಮ್ಮ ವಸಾಹತು ಮಾಡಿಕೊಂಡ ಫ್ರೆಂಚರು ಇನ್ನೂ ಬಿಗಿ ಮಾಡಿದರು. ಆದರೆ ಅದೇ ಫ್ರೆಂಚ್ ಆಡಳಿತ ತಲೆಗಂದಾಯ ಹಾಕಿತು, ಬಿಟ್ಟಿ ದುಡಿಸಿಕೊಂಡಿತು, ಕಂಪನಿಗಳಿಗೆ ಮರ ಕಡಿಯಲು ದೊಡ್ಡ ದೊಡ್ಡ ಜಾಗ ಬರೆದುಕೊಟ್ಟಿತು, ಕಾಫಿ ತೋಟ ಹರಡಿತು. ಕಂದಾಯಕ್ಕೂ ಬಿಟ್ಟಿಗೂ ಹೆದರಿದವರು ಇನ್ನೂ ಒಳಗಿನ ಕಾಡಿಗೆ ಓಡಿಹೋಗಿ ಅಲ್ಲೇ ತಾವಿ ಮಾಡಿದರು. ಇಲ್ಲಿ ಬ್ರಿಟಿಷರೂ 1860ರ ಸುಮಾರಿಗೆ ಕೆನರಾದಲ್ಲಿ ಕುಮರಿಯನ್ನು ಹತ್ತಿಕ್ಕಿದರು. ತೇಗ ಮಾತ್ರ ಹಡಗಿಗೂ ರೈಲಿಗೂ ಹೋಗುತ್ತಲೇ ಇತ್ತು. ನಮ್ಮ ಅಜ್ಜಂದಿರ ಕಾಲದ ಈ ನೆನಪು ಇಟ್ಟುಕೊಂಡು ಮಡಗಾಸ್ಕರ್ ನೋಡಿದರೆ ಸುಮ್ನೆ ಬೆರಳು ತೋರಿಸಲು ಮನಸ್ಸು ಬರುವುದಿಲ್ಲ.

ಒಂದು ತಪ್ಪನ್ನೂ ಇಲ್ಲೇ ತಿದ್ದಿಬಿಡುತ್ತೇನೆ. "ಮಡಗಾಸ್ಕರಿನ 90% ಕಾಡನ್ನು ಜನ ಸುಟ್ಟರು" ಅನ್ನುವ ವಾಕ್ಯ ಎಲ್ಲ ಕಡೆ ಓಡಾಡುತ್ತದೆ. ಇಡೀ ದ್ವೀಪ ಒಂದು ಕಾಲದಲ್ಲಿ ದಟ್ಟ ಕಾಡಾಗಿತ್ತು ಅನ್ನುವ ಹಳೆಯ ಊಹೆ ಅದರ ಬುಡ. ನಡುವಿನ ಎತ್ತರದ ಪ್ರದೇಶದ ಹುಲ್ಲುಗಾವಲಿನಲ್ಲಿ ಒಂದಷ್ಟು ಭಾಗ ಮನುಷ್ಯ ಬರುವ ಮೊದಲೇ ಇತ್ತು ಎಂದು ಈಗ ಬಹಳ ಸಂಶೋಧಕರು ಒಪ್ಪುತ್ತಾರೆ. ನಿಮ್ಮ ಹತ್ತಿರದ ಕುದುರೆಮುಖದ ಬೋಳು ನೆತ್ತಿಗಳು ಕಾಡು ಕಡಿದು ಆದದ್ದಲ್ಲವಲ್ಲ, ಹಾಗೆ. ಆದರೆ ನಿಜವಾದ ಲೆಕ್ಕವೇ ಸಾಕಷ್ಟು ಭಯ ಹುಟ್ಟಿಸುತ್ತದೆ. ವಿಮಾನದ ಚಿತ್ರಗಳನ್ನೂ ಉಪಗ್ರಹದ ಚಿತ್ರಗಳನ್ನೂ ಹೋಲಿಸಿದಾಗ, 1953ರಿಂದ 2014ರೊಳಗೆ ಸಹಜ ಕಾಡಿನ ಸುಮಾರು 44% ಹೋಗಿದೆ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಹೆಚ್ಚುಕಡಿಮೆ ಅರ್ಧ ಕಾಡು.

ದುಡ್ಡು ಬಂದರೆ ಬೆಂಕಿ ನಿಲ್ಲುತ್ತದಾ? ಇದಕ್ಕೆ ವೆನಿಲ್ಲಾದ ಕಥೆ ಹೇಳಬೇಕು. ನಿಮ್ಮ ಊರಿನಲ್ಲಿ ಇದರ ನೆನಪು ಇನ್ನೂ ಹಸಿಯಾಗಿಯೇ ಇರುತ್ತದೆ. 2000ದ ಏಪ್ರಿಲ್‌ನಲ್ಲಿ ಹುಡಾ ಅನ್ನುವ ಚಂಡಮಾರುತ ಮಡಗಾಸ್ಕರಿನ ಈಶಾನ್ಯ ಕರಾವಳಿಗೆ ಅಪ್ಪಳಿಸಿತು. ಅಂಟಾಲಹಾ, ಸಂಬಾವಾ ಸುತ್ತಿನ ತೋಟಗಳು ನೆಲ ಕಚ್ಚಿದವು. ಜಗತ್ತಿನ ವೆನಿಲ್ಲಾದಲ್ಲಿ ಬಹುಪಾಲು ಬರುವುದೇ ಆ ಮೂಲೆಯಿಂದ. ಬೆಲೆ ಜಿಗಿಯಿತು. ಆ ಬಿರುಗಾಳಿಯ ದುಡ್ಡು ನಮ್ಮ ಮಲೆನಾಡಿಗೂ ದಕ್ಷಿಣ ಕನ್ನಡಕ್ಕೂ ಬಂತು. 2003ರ ಹೊತ್ತಿಗೆ ಹಸಿ ಬೀನ್ಸ್ ಕೆಜಿಗೆ 3,000 ರೂಪಾಯಿ ದಾಟಿತ್ತು. ಅಡಿಕೆ ತೋಟದ ನಡುವೆ ಬಳ್ಳಿ ಎದ್ದವು. ರಾತ್ರಿ ಕಾವಲು ಕೂತವರಿದ್ದಾರೆ. ಮಡಗಾಸ್ಕರ್ ಚೇತರಿಸಿಕೊಂಡಿತು, ಕಾರ್ಖಾನೆಯಲ್ಲಿ ಮಾಡುವ ಕೃತಕ ಪರಿಮಳ ವೆನಿಲಿನ್ ಜಾಗ ಹಿಡಿಯಿತು, ಎರಡು ಮೂರು ವರ್ಷದಲ್ಲಿ ಬೆಲೆ ಕೆಲವೇ ನೂರಕ್ಕೆ ಬಿದ್ದು, ಕೊನೆಗೆ ಕೇಳುವವರೇ ಇಲ್ಲ ಅನ್ನುವಂತಾಯಿತು. ನಮ್ಮವರಿಗೆ ಅಡಿಕೆ, ಕಾಳುಮೆಣಸು ಇತ್ತು. ತಡೆದುಕೊಂಡರು. ಅಲ್ಲಿನವರಿಗೆ ಆ ಬಳ್ಳಿ ಬಿಟ್ಟರೆ ಕೈಗೆ ಕಾಸು ಕೊಡುವ ಬೆಳೆ ಕಡಿಮೆ.

ವೆನಿಲ್ಲಾ ಹೂವಿನ ಕೆಲಸ ನಿಮ್ಮ ಕಡೆಯವರಿಗೆ ಗೊತ್ತು. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದು ಮುಳ್ಳೋ ಕಡ್ಡಿಯೋ ಹಿಡಿದು, ಒಳಗಿನ ಸಣ್ಣ ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತಬೇಕು. ಹೀಗೆ ಒಂದೊಂದೇ ಹೂವು. ಈ ಉಪಾಯವನ್ನು 1841ರಲ್ಲಿ ಪಕ್ಕದ ರೀಯೂನಿಯನ್ ದ್ವೀಪದಲ್ಲಿ ಕಂಡುಹಿಡಿದದ್ದು ಎಡ್ಮಂಡ್ ಆಲ್ಬಿಯಸ್ ಅನ್ನುವ 12 ವರ್ಷದ ಹುಡುಗ. ಅವನು ಗುಲಾಮನಾಗಿದ್ದ. ನಿಮ್ಮ ತರಗತಿಯ ಮಕ್ಕಳ ವಯಸ್ಸು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

2017ರ ಮಾರ್ಚ್‌ನಲ್ಲಿ ಇನಾವೋ ಚಂಡಮಾರುತ ಬಂದ ಮೇಲೆ ಸಂಸ್ಕರಿಸಿದ ವೆನಿಲ್ಲಾ ಕೆಜಿಗೆ 600 ಡಾಲರ್ ತಲುಪಿ ಬೆಳ್ಳಿಗಿಂತ ದುಬಾರಿಯಾಯಿತು. ಕಳ್ಳರ ಕಾಟ ಎಷ್ಟಿತ್ತು ಅಂದರೆ, ರೈತರು ಬಳ್ಳಿಯಲ್ಲಿರುವ ಎಳೆ ಕಾಯಿಗೇ ಸೂಜಿಮೊನೆಯಿಂದ ತಮ್ಮ ಗುರುತು ಚುಚ್ಚುತ್ತಿದ್ದರು. ಒಣಗಿ ಕಪ್ಪಾದ ಮೇಲೂ ಆ ಚುಕ್ಕೆಗಳು ಉಳಿಯುತ್ತವೆ. ಆದರೂ ಕದ್ದುಹೋಗುವ ಭಯಕ್ಕೆ ಬಲಿಯುವ ಮೊದಲೇ ಕೊಯ್ದರು. ಗುಣಮಟ್ಟ ಬಿತ್ತು. ಬೆಲೆ ಕಾಪಾಡಲು ಸರ್ಕಾರ 2020ರಲ್ಲಿ ರಫ್ತಿಗೆ ಕನಿಷ್ಠ 250 ಡಾಲರ್ ಗೊತ್ತುಮಾಡಿತು. ಕೊಳ್ಳುವವರು ಹಿಂದೆ ಸರಿದರು. 2023ರಲ್ಲಿ ಅದನ್ನು ಕೈಬಿಟ್ಟ ಕೂಡಲೇ ಬೆಲೆ ಕುಸಿಯಿತು.

ಇದರಿಂದ ಕಾಡಿಗೆ ಏನಾಯಿತು? ಪಾಳು ಬಿದ್ದ ತಾವಿ ಜಾಗದಲ್ಲಿ ವೆನಿಲ್ಲಾ ಹಾಕಿದ ಕಡೆ ಬಳ್ಳಿಗೆ ಆಸರೆಯ ಗಿಡ, ನೆರಳಿಗೆ ಮರ ಬೇಕಾಗಿ ಬೆಟ್ಟ ಮತ್ತೆ ಹಸಿರಾಯಿತು. ಇರುವ ಕಾಡಿನೊಳಗೇ ನುಗ್ಗಿ ಹಾಕಿದ ಕಡೆ ಕಾಡು ತೆಳ್ಳಗಾಯಿತು. ಬೆಲೆ ಬಿದ್ದ ವರ್ಷ ಅಕ್ಕಿ ಕೊಳ್ಳಲು ಕಾಸಿಲ್ಲದೆ ಮತ್ತೆ ಬೆಟ್ಟದ ಭತ್ತವೇ ಗತಿ. ಏರಿದಾಗ ಕಳ್ಳ, ಇಳಿದಾಗ ಹಸಿವು ಅನ್ನುವ ಬೆಳೆಯನ್ನು ನಂಬಿ ಯಾರೂ ತಾವಿ ಬಿಡುವುದಿಲ್ಲ. ಬೆಲೆ ಎಷ್ಟು ಅನ್ನುವುದಕ್ಕಿಂತ ಬೆಲೆ ನಿಲ್ಲುತ್ತದಾ ಅನ್ನುವುದು ಕಾಡಿಗೆ ಹೆಚ್ಚು ಮುಖ್ಯ. ಹೊರಗಿನ ತಜ್ಞರು ಈ ಮಾತಿಗೆ ಕೊಡಬೇಕಾದಷ್ಟು ತೂಕ ಕೊಟ್ಟಿಲ್ಲ ಅಂತ ನನ್ನ ಅಭಿಪ್ರಾಯ.

ಭತ್ತಕ್ಕೇ ಬರೋಣ. ಅಲ್ಲಿನವರು ಮೂರು ಹೊತ್ತೂ ಅನ್ನ ಉಣ್ಣುವ ಜನ. ವರ್ಷಕ್ಕೆ ತಲೆಗೆ 100 ಕೆಜಿ ಮೀರಿ ಅಕ್ಕಿ ಬೇಕು. ಕೆಳಗಿನ ಗದ್ದೆಯಲ್ಲಿ ಇಳುವರಿ ಏರಿದರೆ ಮೇಲಿನ ಬೆಟ್ಟ ಉಳಿಯುತ್ತದೆ ಅನ್ನುವುದು ಸರಿಯಾದ ಯೋಚನೆಯೇ. ಇದಕ್ಕೆ ಅಲ್ಲೇ ಒಂದು ಉತ್ತರ ಹುಟ್ಟಿತು, ಅದು ನಿಮ್ಮ ಊರಿಗೂ ಬಂದಿದೆ. ನಾವು 'ಶ್ರೀ ಪದ್ಧತಿ' ಅನ್ನುವ ಭತ್ತದ ಬೇಸಾಯ ಇದೆಯಲ್ಲ, ಅದರ ತವರು ಮಡಗಾಸ್ಕರ್. ಆಂರಿ ದ ಲೋಲಾನಿಯೆ ಅನ್ನುವ ಪಾದ್ರಿ 1961ರಿಂದ ಅಲ್ಲೇ ಇದ್ದು ರೈತರ ಜೊತೆ ಭತ್ತ ಬೆಳೆಯುತ್ತಿದ್ದರು. 1983ರ ಸುಮಾರಿಗೆ ಮಳೆ ಕೈಕೊಟ್ಟಾಗ 15 ದಿನದ ಎಳೆ ಸಸಿಯನ್ನೇ ನಾಟಿ ಮಾಡಬೇಕಾಗಿ ಬಂತು. ಹಾಳಾಯಿತು ಅಂದುಕೊಂಡ ಸಸಿ ವಿಪರೀತ ತೆಂಡೆ ಒಡೆಯಿತು. ಅಲ್ಲಿಂದ ಎಳೆ ಸಸಿ, ಗುಣಿಗೆ ಒಂದೇ, ದೂರ ದೂರ, ನೀರು ನಿಲ್ಲಿಸದೆ, ಕಳೆ ತಿರುಗಿಸಿ ಮಣ್ಣಿಗೇ ಸೇರಿಸುವ ಪದ್ಧತಿ ರೂಪುಗೊಂಡಿತು. 1991ರಲ್ಲಿ ಆದ ರನೊಮಫಾನಾ ರಾಷ್ಟ್ರೀಯ ಉದ್ಯಾನದ ಅಂಚಿನ ಹಳ್ಳಿಗಳಲ್ಲಿ ತಾವಿಗೆ ಬದಲಿಯಾಗಿ ಇದನ್ನೇ ಕಲಿಸಿದರು. ಅಲ್ಲಿಂದ ಇದು ಏಷ್ಯಾದ ದೇಶಗಳಿಗೆ ಹರಡಿತು.

ತವರಿನಲ್ಲೇ ಅದು ನಿರೀಕ್ಷಿಸಿದಷ್ಟು ಹಬ್ಬಲಿಲ್ಲ. ಕಲಿತ ಎಷ್ಟೋ ರೈತರು ಒಂದೆರಡು ವರ್ಷ ಮಾಡಿ ಬಿಟ್ಟರು. ಕಾರಣ ನೋಡಿ. ಎಳೆ ಸಸಿ ಹುಷಾರಾಗಿ ನೆಡಲು, ಮೂರು ನಾಲ್ಕು ಸಲ ಕಳೆ ತೆಗೆಯಲು ಕೆಲಸ ಜಾಸ್ತಿ. ಆ ಕೆಲಸ ಬರುವುದು ಸರಿಯಾಗಿ ಮನೆಯ ಕಣಜ ಖಾಲಿಯಾದ ತಿಂಗಳುಗಳಲ್ಲಿ. ಬಡ ರೈತ ಆಗ ಸಂಜೆಯ ಅಕ್ಕಿಗಾಗಿ ಇನ್ನೊಬ್ಬರ ಗದ್ದೆಗೆ ಕೂಲಿಗೆ ಹೋಗಿರುತ್ತಾನೆ. ತನ್ನ ಗದ್ದೆಯಲ್ಲಿ ದುಪ್ಪಟ್ಟು ಬೆಳೆಯಬಹುದು ಅಂತ ಅವನಿಗೆ ಗೊತ್ತು, ಅದು ಕೈಗೆ ಬರುವುದು ನಾಲ್ಕು ತಿಂಗಳ ಮೇಲೆ ಅಂತಲೂ ಗೊತ್ತು. ಹುಡುಗಿಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ. ಆ ನಾಲ್ಕು ತಿಂಗಳಿಗೆ ಸಾಲ ಕೊಡುವ ಒಂದು ಸಹಕಾರ ಸಂಘ ಹಳ್ಳಿಯಲ್ಲಿ ಇದ್ದಿದ್ದರೆ ಎಷ್ಟು ಬೆಟ್ಟ ಉಳಿಯುತ್ತಿತ್ತೋ!

ದಕ್ಷಿಣದ ಕಥೆ ಬೇರೆ. ಅಲ್ಲಿ ಮಳೆಯೇ ಕಡಿಮೆ, ಮುಳ್ಳುಕಾಡು. ಬರಗಾಲದ ಹಸಿವಿಗೆ 'ಕೆರೆ' ಅಂತಲೇ ಒಂದು ಪದವಿದೆ. ನಮ್ಮ ಭಾಷೆಯಲ್ಲಿ ನೀರಿನ ಹೆಸರಾದ ಶಬ್ದ ಅಲ್ಲಿ ಬರದ ಹೆಸರು. 18ನೇ ಶತಮಾನದಲ್ಲಿ ಫ್ರೆಂಚರು ತಂದ ಪಾಪಾಸುಕಳ್ಳಿಯನ್ನು ಅಲ್ಲಿನ ಅಂತಾಂದ್ರೋಯ್ ಜನ ತಮ್ಮದೇ ಮಾಡಿಕೊಂಡಿದ್ದರು. ಬೇಲಿಗೆ ಅದೇ, ಬೇಸಿಗೆಯಲ್ಲಿ ಹಣ್ಣೂ ಅದೇ. ಮುಳ್ಳು ಸುಟ್ಟು ದನಕ್ಕೆ ಹಾಕಿದರೆ ಮೇವೂ ಆಯಿತು, ನೀರೂ ಆಯಿತು. 1924ರಲ್ಲಿ, ವಸಾಹತು ಆಡಳಿತದ ಕಾಲದಲ್ಲಿ, ಆ ಕಳ್ಳಿಯ ರಸ ಹೀರುವ ಹುಳು ತಂದು ಬಿಟ್ಟರು. ನಮ್ಮ ದಕ್ಷಿಣ ಭಾರತದಲ್ಲೂ ಕಳ್ಳಿ ನಾಶಕ್ಕೆ ಅದೇ ಗುಂಪಿನ ಹುಳು ಬಿಟ್ಟಿದ್ದರು. ಇಲ್ಲಿ ಕಳ್ಳಿ ಬೇಡದ ಗಿಡವಾಗಿತ್ತು. ಅಲ್ಲಿ ಅದು ಬದುಕಿನ ಆಧಾರ. ಕೆಲವೇ ವರ್ಷದಲ್ಲಿ ಕಳ್ಳಿ ಕೊಳೆತು ನೆಲಸಮವಾಯಿತು. ದನ ಸತ್ತವು, ಜನ ಸತ್ತರು, ಉಳಿದವರು ಕೂಲಿಗೆ ಉತ್ತರಕ್ಕೆ ಹೊರಟರು. ಒಂದು ಪರಿಸರವನ್ನು ಸುಧಾರಿಸುತ್ತೇವೆ ಅಂತ ಹೊರಗಿನವರು ಬಂದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

2019ರಿಂದ ಅಲ್ಲಿ ಮತ್ತೆ ಮಳೆ ಸೋತಿತು. 2021ರಲ್ಲಿ ವಿಶ್ವ ಆಹಾರ ಕಾರ್ಯಕ್ರಮದವರು ಇದನ್ನು ಹವಾಮಾನ ಬದಲಾವಣೆ ತಂದ ಕ್ಷಾಮ ಎಂದರು. ಅದೇ ವರ್ಷದ ಕೊನೆಗೆ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ ನೋಡಿದಾಗ, ಆ ಮಳೆ ಕೊರತೆಯಲ್ಲಿ ಭೂಮಿ ಬಿಸಿಯಾದದ್ದರ ಪಾಲು ಕಡಿಮೆ ಅಂತ ಕಂಡಿತು. ಬಡತನ, ಮಳೆಯನ್ನೇ ನಂಬಿದ ಬೇಸಾಯ, ಕೆಟ್ಟ ರಸ್ತೆ, ಇವೆಲ್ಲ ಸೇರಿ ಬರವನ್ನು ಕ್ಷಾಮ ಮಾಡಿದವು. ಚಂಡಮಾರುತಗಳ ಮಾತು ಬೇರೆ. 2022ರ ಆರಂಭದಲ್ಲಿ ಒಂದರ ಹಿಂದೊಂದು ಬಂದ ಬಿರುಗಾಳಿಗಳ ಮಳೆಯನ್ನು ಭೂಮಿಯ ಬಿಸಿ ಹೆಚ್ಚಿಸಿತ್ತು. ಆ ಬಿಸಿಗೆ ಮಡಗಾಸ್ಕರಿನ ಕೊಡುಗೆ ಲೆಕ್ಕಕ್ಕೆ ಬರುವಷ್ಟೂ ಇಲ್ಲ.

ಇದ್ದಿಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳ ಒಲೆ ಉರಿಯುವುದು ಕಟ್ಟಿಗೆ, ಇದ್ದಿಲಿನಿಂದ. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ 100 ಕೆಜಿ ಕಟ್ಟಿಗೆಗೆ ಹತ್ತು ಹದಿನೈದು ಕೆಜಿ ಇದ್ದಿಲು ಸಿಗುತ್ತದೆ. ನೈಋತ್ಯದ ತುಲಿಯಾರ ಪಟ್ಟಣದ ಹೆದ್ದಾರಿ ಬದಿಯಲ್ಲಿ ಇದ್ದಿಲಿನ ಮೂಟೆಗಳು ಸಾಲಾಗಿ ನಿಂತಿರುತ್ತವೆ. ಬೆಳೆ ಹೋದ ವರ್ಷ ಸಾಲು ಉದ್ದವಾಗುತ್ತದೆ. ಆದರೆ ರಾಜಧಾನಿ ಅಂಟಾನನರಿವೋಗೆ ಇದ್ದಿಲು ಬರುವುದು ಬಹುತೇಕ ನೀಲಗಿರಿ ತೋಪುಗಳಿಂದ. ಅವನ್ನು ನೆಟ್ಟು, ಕಡಿದು, ಮತ್ತೆ ಚಿಗುರಿಸಿ ಸಾಕುತ್ತಿರುವವರು ಸಣ್ಣ ರೈತರು. ನೀಲಗಿರಿ ಬಗ್ಗೆ ನಮ್ಮ ಕಡೆ ಇರುವ ತಕರಾರು ನನಗೂ ಇದೆ. ಆದರೂ ಅಲ್ಲಿ ಅದು ಉಳಿದ ಕಾಡಿನ ಮೇಲಿನ ಭಾರ ಇಳಿಸಿದೆ. ಮೊದಲಿಗೆ ಹೇಳಿದ್ದು ಇದನ್ನೇ. ನೆಲ ತನ್ನದು, ಕೊಳ್ಳುವವರು ದಿನಾ ಇದ್ದಾರೆ, ಕಡಿದರೆ ಕಾಸು ತನಗೇ ಅಂತಾದ ಕಡೆ ಅದೇ ಮಡಗಾಸ್ಕರಿನ ರೈತ ಮರ ಬೆಳೆಸಿದ.

"ಮೊದಲು ದೇಶ ಮುಂದೆ ಬರಲಿ, ಆಮೇಲೆ ಕಾಡು" ಅನ್ನುವ ಮಾತಿಗೆ ಬರುತ್ತೇನೆ. ಆ ದೇಶದ ಅತಿ ದೊಡ್ಡ ಸರೋವರ ಅಲಾವೋತ್ರ. ಅದರ ಸುತ್ತಿನ ಬಯಲು ಅಲ್ಲಿನ ಭತ್ತದ ಕಣಜ. ಸುತ್ತಲಿನ ಕೆಂಪು ಗುಡ್ಡಗಳಲ್ಲಿ ದೊಡ್ಡ ಕೊರಕಲುಗಳಿವೆ. ಯಾರೋ ದೈತ್ಯ ಗುಡ್ಡದ ಮೈಯನ್ನು ಸೌಟಿನಿಂದ ತೋಡಿದ ಹಾಗೆ ಕಾಣುತ್ತವೆ. 'ಲವಾಕ' ಅಂತಾರೆ, ಹೊಂಡ ಅಂತ ಅರ್ಥ. ಅವು ಸಹಜವಾಗಿಯೂ ಆಗುತ್ತವೆ. ಬೆಂಕಿ, ದನ ಮೇಯಿಸುವುದು, ಬೋಳು ನೆಲ ಸೇರಿದರೆ ಜಾಸ್ತಿಯಾಗುತ್ತವೆ. ಅಲ್ಲಿಂದ ಇಳಿದ ಮರಳು ಮಣ್ಣು ಕಾಲುವೆ ತುಂಬುತ್ತದೆ, ಗದ್ದೆ ಮುಚ್ಚುತ್ತದೆ. ಕಾಲುವೆ ಹೂಳೆತ್ತಲು ದುಡ್ಡಿಲ್ಲ. ಹಾಗಾಗಿ ನೀರಾವರಿಗೆಂದು ಸಾಲ ತಂದು ಕಟ್ಟಿದ ಗದ್ದೆ ಮಳೆಯಾಶ್ರಿತವಾಗುತ್ತದೆ. ಅಭಿವೃದ್ಧಿ ಮೊದಲು ಅಂದರೆ ಅದು ಯಾವುದರ ಮೇಲೆ ನಿಲ್ಲಬೇಕು? ಮೇಲಿನ ಬೆಟ್ಟದ ಮಣ್ಣೇ ಕೆಳಗಿನ ಗದ್ದೆಯ ಬಂಡವಾಳ.

ಹಾಗಂತ "ಮೊದಲು ಕಾಡು" ಅಂತ ಹೊರಟವರೂ ಗೆದ್ದಿಲ್ಲ. 2003ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ಉದ್ಯಾನಗಳ ವಿಶ್ವ ಸಮ್ಮೇಳನದಲ್ಲಿ ಮಡಗಾಸ್ಕರಿನ ಆಗಿನ ಅಧ್ಯಕ್ಷ ರವಾಲೊಮನಾನ ರಕ್ಷಿತ ಪ್ರದೇಶವನ್ನು 17 ಲಕ್ಷ ಹೆಕ್ಟೇರಿನಿಂದ 60 ಲಕ್ಷಕ್ಕೆ ಏರಿಸುವ ಮಾತು ಕೊಟ್ಟರು. ಜಗತ್ತು ಚಪ್ಪಾಳೆ ತಟ್ಟಿತು. ಗೆರೆ ಎಳೆದದ್ದು ತಾವಿ ಮಾಡುವವರ ಬೆಟ್ಟದ ಮೇಲೆ. ಪರಿಹಾರ ಬಂದಾಗ ರಸ್ತೆ ಹತ್ತಿರದ, ಪರಿಚಯಸ್ಥರಿರುವ ಮನೆಗಳಿಗೆ ಮೊದಲು ಸಿಕ್ಕಿತು. ಕಾಡಂಚಿನ ಬಡವರಲ್ಲಿ ಬಹಳ ಮಂದಿಗೆ ಸಿಗಲೇ ಇಲ್ಲ. ಕುದುರೆಮುಖ ಉದ್ಯಾನದೊಳಗಿನ ಮನೆಗಳವರ ಪಾಡು ಹತ್ತಿರದಿಂದ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2008ರಲ್ಲಿ ಕೊರಿಯಾದ ದೇವೂ ಕಂಪನಿಗೆ 13 ಲಕ್ಷ ಹೆಕ್ಟೇರ್ ಕೊಡುವ ಸುದ್ದಿ ಹೊರಬಿದ್ದಾಗ ಜನರ ಸಿಟ್ಟು ಕೆರಳಿತು. 2009ರಲ್ಲಿ ಅಧ್ಯಕ್ಷರು ಪದಚ್ಯುತರಾದರು. ವಿದೇಶಿ ನೆರವು ನಿಂತಿತು. ಕಾವಲು ಸಡಿಲವಾದ ಆ ತಿಂಗಳುಗಳಲ್ಲಿ ಮಸೊವಾಲಾ, ಮರೊಜೇಜಿ ಉದ್ಯಾನಗಳೊಳಗಿನ ಬೀಟೆ ಮರ ಹಡಗು ಹತ್ತಿ, ಬಹುಪಾಲು ಚೀನಾಕ್ಕೆ ಹೋಯಿತು. ಆ ದಿಮ್ಮಿಗಳನ್ನು ಹೆಗಲ ಮೇಲೆ ಹೊತ್ತು ಕಾಡಿನಿಂದ ಇಳಿಸಿದವರಿಗೆ ಸಿಕ್ಕಿದ್ದು ದಿನಗೂಲಿ. ಒಬ್ಬ ಹಳ್ಳಿಗ ತಾವಿ ಮಾಡಿದರೆ ಜೈಲು, ದಿಮ್ಮಿ ಸಾಗಿಸಿದ ದೊಡ್ಡವರಿಗೆ ಬಂಗಲೆ ಅನ್ನುವ ನೋವು ಅಲ್ಲಿ ಇನ್ನೂ ಆರಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜಧಾನಿಯ ಯುವಜನ ಬೀದಿಗಿಳಿದದ್ದು ನಲ್ಲಿಯಲ್ಲಿ ನೀರಿಲ್ಲ, ಮನೆಯಲ್ಲಿ ಕರೆಂಟಿಲ್ಲ ಅಂತ. ಅಕ್ಟೋಬರಿನಲ್ಲಿ ಸರ್ಕಾರ ಉರುಳಿ ಸೇನೆಯವರು ಅಧಿಕಾರ ಹಿಡಿದರು.

ಮಕ್ಕಳಿಗೆ ಬರೀ ನಿರಾಸೆ ಬೇಡ. ನೈಋತ್ಯ ಕರಾವಳಿಯ ಅಂಡಾವಡೊಆಕ ಅನ್ನುವ ಹಳ್ಳಿಯ ವೇಜೋ ಮೀನುಗಾರರ ವಿಷಯ ಹೇಳಿ. ಅವರ ಆದಾಯ ಅಷ್ಟಪದಿಯಿಂದ, ಅಂದರೆ ಆಕ್ಟೋಪಸ್‌ನಿಂದ. ಇಳಿತದ ಹೊತ್ತಿನಲ್ಲಿ ಹೆಂಗಸರು ಭರ್ಚಿ ಹಿಡಿದು ಬಂಡೆ ಸಂದು ಹುಡುಕುತ್ತಾರೆ. ಸಿಗುವುದು ಕಡಿಮೆಯಾಗುತ್ತ ಬಂತು. 2004ರಲ್ಲಿ ಒಂದು ಸಂಸ್ಥೆಯ ಜೊತೆ ಕೂತು ಮಾತಾಡಿ, ಒಂದು ತುಂಡು ಬಂಡೆಸಾಲಿನಲ್ಲಿ ಏಳು ತಿಂಗಳು ಹಿಡಿಯದೆ ಬಿಟ್ಟರು. ಅಷ್ಟಪದಿ ಬಹಳ ಬೇಗ ಬೆಳೆಯುವ ಪ್ರಾಣಿ. ತೆರೆದ ದಿನ ದೊಡ್ಡ ದೊಡ್ಡವು ಸಿಕ್ಕವು. ಪಕ್ಕದ ಹಳ್ಳಿಗಳು ನೋಡಿ ತಾವೂ ಶುರು ಮಾಡಿದವು. ಈಗ ಕರಾವಳಿಯುದ್ದಕ್ಕೂ ಇಂಥ ಕಟ್ಟಳೆಗಳಿವೆ, ಕೆಲವು ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ. ಎಲ್ಲಿ ಮುಚ್ಚಬೇಕು, ಎಷ್ಟು ದಿನ, ತಪ್ಪಿದವರಿಗೆ ಏನು ದಂಡ, ಎಲ್ಲ ಹಳ್ಳಿಯವರೇ ಕೂತು ತೀರ್ಮಾನಿಸುತ್ತಾರೆ. ಕೆಲವೇ ತಿಂಗಳಲ್ಲಿ ಫಲ ಕಂಡಿತು, ಬಿಟ್ಟವರ ಕೈಗೇ ಬಂತು. ಕಾಡು ಅಷ್ಟು ಬೇಗ ಫಲ ಕೊಡುವುದಿಲ್ಲ. ಅದಕ್ಕೇ ಕಾಡಿಗೆ ನೆಲದ ಹಕ್ಕಿನ ಕಾಗದವೂ, ಹಸಿವಿನ ತಿಂಗಳಿಗೆ ಸಾಲವೂ, ಸಂತೆಗೆ ರಸ್ತೆಯೂ ಬೇಕು. 2005ರಲ್ಲಿ ಹಳ್ಳಿ ಮಟ್ಟದಲ್ಲೇ ಜಮೀನಿನ ಪ್ರಮಾಣಪತ್ರ ಕೊಡುವ ಸುಧಾರಣೆ ಶುರುವಾಯಿತು. ಆ ಕೆಲಸ ನಿಧಾನವಾಗಿದೆ. ನನ್ನನ್ನು ಕೇಳಿದರೆ ಹೊಸ ಉದ್ಯಾನಕ್ಕಿಂತ ಮೊದಲು ದುಡ್ಡು ಅದಕ್ಕೆ ಹೋಗಬೇಕು.

ಕೊನೆಗೆ ತರಗತಿಯ ವಿಷಯ. ಮುಂದಿನ ಸಲ ವಿಡಿಯೊ ತೋರಿಸುವ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯ ತೋಟದಲ್ಲಿ ಗ್ಲಿರಿಸಿಡಿಯಾ, ಅದೇ ಗೊಬ್ಬರದ ಗಿಡ, ಸಾಲಾಗಿ ನೆಟ್ಟದ್ದು ಇದೆಯಾ ನೋಡಿ ಬರಲಿ. ಬಹಳ ಕಡೆ ಅವು ವೆನಿಲ್ಲಾ ಬಳ್ಳಿಗೆ ಆಸರೆಯಾಗಿ ನೆಟ್ಟವು. ಯಾವ ವರ್ಷ ನೆಟ್ಟಿರಿ, ಆಗ ಕೆಜಿಗೆ ಎಷ್ಟಿತ್ತು, ಬಳ್ಳಿ ಯಾಕೆ ಕಿತ್ತಿರಿ, ಆ ವರ್ಷ ಮನೆ ಹೇಗೆ ನಡೆಯಿತು ಅಂತ ಅಜ್ಜನನ್ನೋ ಅಮ್ಮನನ್ನೋ ಕೇಳಿ ಬರೆದುಕೊಂಡು ಬರಲಿ. ಆಮೇಲೆ ಆ ಹುಡುಗಿಗೇ ಹೇಳಿ, ಅಂಟಾಲಹಾದ ಒಬ್ಬ ಹುಡುಗಿಯ ಮನೆಯಲ್ಲಿ ಇದೇ ಪ್ರಶ್ನೆ ಕೇಳಿದರೆ ಏನು ಉತ್ತರ ಬರಬಹುದು ಅಂತ ಬರೆಯಲು. ಅವಳು ಬರೆದದ್ದನ್ನು ನನಗೂ ಕಳಿಸಿ. ಓದಬೇಕು ಅಂತ ನಿಜವಾಗಿಯೂ ಆಸೆಯಿದೆ.